ನಮ್ಮ ಪೇಟೆಯ ಸರ್ಕಾರಿ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಸುತ್ತಲಿನ ತಾಲ್ಲೂಕುಗಳ ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಚರಿತ್ರೆ ಹುಡುಕುವುದು ನಾನು ಇಷ್ಟಪಟ್ಟು ಮಾಡುವ ಕೆಲಸ. ಹಳೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಫೋನ್ ಮಾಡಿ, ಕಾಗದ ಬರೆದು, ಟೀ ಅಂಗಡಿ ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಸುಲಭ. ಮುಂದೆ ಹೋದಷ್ಟೂ ಕೆಲಸ ಜಾಸ್ತಿ.

## ಶುರುವಿನ ಪ್ರಶ್ನೆಗಳು

ನಮ್ಮ ಬೀದಿ ಶಾಲೆಗೂ ಒಂದು ಇತಿಹಾಸ ಅಂತ ಇರುತ್ತಾ? ದೊಡ್ಡವರು ಯಾರೂ ಓದಿಲ್ಲವಲ್ಲ.

ಇರುತ್ತದೆ. ದೊಡ್ಡವರು ಓದಿರಬೇಕು ಅಂತೇನಿಲ್ಲ. ನಿಮ್ಮ ಪೇಟೆಯಲ್ಲಿ ಯಾವ ಕಸುಬಿನವರಿದ್ದರು, ಯಾರು ಯಾವಾಗ ಬಂದು ನೆಲೆಸಿದರು, ಯಾವ ಮನೆಯ ಹೆಣ್ಣುಮಗಳು ಮೊದಲ ಸಲ ಸ್ಲೇಟು ಹಿಡಿದಳು, ಇದೆಲ್ಲ ಒಂದೇ ಕಡೆ ಬರೆದಿಟ್ಟಿರುವ ಜಾಗ ಶಾಲೆ. ನಗರಸಭೆಯಲ್ಲಿ ಮನೆಗಳ ಲೆಕ್ಕ ಸಿಗುತ್ತದೆ, ದೇವಸ್ಥಾನದಲ್ಲಿ ದಾನಿಗಳ ಹೆಸರು ಸಿಗುತ್ತದೆ. ಮಕ್ಕಳ ಹೆಸರು ಸಿಗುವುದು ಶಾಲೆಯಲ್ಲಿ ಮಾತ್ರ.

ಗೋಡೆಗೆ ಹಾಕಿದ ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರಿರುತ್ತದೆ. ಓದಿದವರ ಹೆಸರು ಇರುವುದು ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿ, ದಾಖಲಾತಿ ರಿಜಿಸ್ಟರಿನಲ್ಲಿ. ಈ ಪುಟದಲ್ಲಿ ಆ ರಿಜಿಸ್ಟರಿನ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನ ಮಟ್ಟಿಗೆ ಶಾಲೆಯ ನಿಜವಾದ ಚರಿತ್ರೆ ಅದೇ.

ಬೋರ್ಡ್ ಮೇಲೆ ಸ.ಕಿ.ಪ್ರಾ.ಶಾಲೆ, ಸ.ಹಿ.ಪ್ರಾ.ಶಾಲೆ, ಸ.ಮಾ.ಹಿ.ಪ್ರಾ.ಶಾಲೆ ಅಂತೆಲ್ಲ ಇರುತ್ತೆ. ಏನು ವ್ಯತ್ಯಾಸ?

ಕಿ ಎಂದರೆ ಕಿರಿಯ, 1ರಿಂದ 5ನೇ ತರಗತಿ. ಹಿ ಎಂದರೆ ಹಿರಿಯ, 1ರಿಂದ 7 ಅಥವಾ 8. ಮಾ ಎಂದರೆ ಮಾದರಿ. ಸಾಮಾನ್ಯವಾಗಿ ಹಳೆಯ, ಮಕ್ಕಳು ಜಾಸ್ತಿ ಇದ್ದ ಶಾಲೆಗಳ ಹೆಸರಿನಲ್ಲಿ ಇದು ಕಾಣುತ್ತದೆ. ಹಿಂದೆ ಕಿರಿಯ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿತ್ತು. ಅದಕ್ಕೂ ಹಿಂದಿನವರು "ಪ್ರೈಮರಿ ಮುಗಿಸಿ ಮಿಡ್ಲ್ ಸ್ಕೂಲಿಗೆ ಹೋದೆ" ಅನ್ನುತ್ತಾರೆ. ಅದು ಮೈಸೂರು ಸಂಸ್ಥಾನದ ಏರ್ಪಾಟು. ಹಾಗಾಗಿ ಒಂದೇ ಶಾಲೆಗೆ ಹಳೆಯ ಕಾಗದಗಳಲ್ಲಿ ಎರಡು ಮೂರು ಹೆಸರು ಸಿಕ್ಕರೆ ಗಾಬರಿ ಬೇಡ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ಶಾಲೆ ಶುರುವಾದ ವರ್ಷ ಎಲ್ಲಿ ನೋಡಬೇಕು?

ಸುಲಭಕ್ಕೆ ಸಿಗುವುದು ಯುಡೈಸ್, ಅಂದರೆ ದೇಶದ ಶಾಲೆಗಳ ವಿವರ ಒಂದೇ ಕಡೆ ಇಡುವ ಸರ್ಕಾರಿ ವ್ಯವಸ್ಥೆಯ ಮಾಹಿತಿ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ಬ್ಲಾಕ್, ಊರು ಅಥವಾ ವಾರ್ಡ್, ಕೊನೆಗೆ ಶಾಲೆ. ಈ ಸಂಖ್ಯೆ ಹಾಕಿ ನೋಡಿದರೆ ಶಾಲೆ ಸ್ಥಾಪನೆಯಾದ ವರ್ಷವೂ ಬರುತ್ತದೆ.

ಆದರೆ ಅಲ್ಲಿರುವುದು ಶಾಲೆಯವರು ಫಾರಂ ತುಂಬುವಾಗ ಬರೆದ ವರ್ಷ. ಹಳೆಯ ಕಾಗದ ಕೈಗೆ ಸಿಗದಿದ್ದಾಗ ಅಂದಾಜಿನ ಮೇಲೆ ಬರೆದಿರುವುದೂ ಉಂಟು. ಅದನ್ನು ಹುಡುಕಾಟ ಶುರು ಮಾಡಲು ಒಂದು ಸುಳಿವು ಅಂತ ಇಟ್ಟುಕೊಳ್ಳಿ.

ತಾತ ಒಂದು ವರ್ಷ ಹೇಳ್ತಾರೆ, ಬೋರ್ಡ್ ಮೇಲೆ ಇನ್ನೊಂದಿದೆ, ಕಲ್ಲಿನ ಮೇಲೆ ಮತ್ತೊಂದು. ಯಾವುದನ್ನು ನಂಬೋದು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎಷ್ಟೋ ಸಲ ಮೂರೂ ಸರಿಯೇ ಇರುತ್ತವೆ, ಯಾಕೆಂದರೆ ಮೂರೂ ಬೇರೆ ಬೇರೆ ಸಂಗತಿಯ ವರ್ಷಗಳು.

ನಮ್ಮ ಕಡೆ ಹಳೆಯ ಶಾಲೆಗಳು ಬೆಳೆದ ರೀತಿ ನೋಡಿ. ಮೊದಲು ದೇವಸ್ಥಾನದ ಪ್ರಾಕಾರದಲ್ಲೋ, ಛತ್ರದಲ್ಲೋ, ಯಾರದೋ ಮನೆಯ ಜಗಲಿಯಲ್ಲೋ ಪಾಠ ಶುರುವಾಗುತ್ತಿತ್ತು. ತಾತ ಹೇಳುವುದು ಆ ವರ್ಷ. ಆಮೇಲೆ ಸರ್ಕಾರ ಮಂಜೂರು ಮಾಡಿ ಮೇಷ್ಟ್ರನ್ನು ಕಳಿಸಿತು. ಇಲಾಖೆಯ ಲೆಕ್ಕಕ್ಕೆ ಶಾಲೆ ಹುಟ್ಟಿದ್ದು ಆವತ್ತು. ಆಮೇಲೆ ಯಾವಾಗಲೋ ಕಟ್ಟಡ ಬಂತು. ಕಲ್ಲಿನ ಮೇಲಿರುವುದು ಆ ವರ್ಷ. ಇನ್ನೂ ಆಮೇಲೆ ಹಿರಿಯ ಪ್ರಾಥಮಿಕ ಶಾಲೆಯಾಯಿತು. ಹೊಸ ಬೋರ್ಡ್ ಬರೆಸಿದವರು ಕೆಲವೊಮ್ಮೆ ಆ ವರ್ಷವನ್ನೇ ಬರೆಸಿಬಿಡುತ್ತಾರೆ.

ಹಾಗಾಗಿ "ಸ್ಥಾಪನೆ" ಅಂತ ಒಂದೇ ವರ್ಷ ಹಿಡಿದು ಜಗಳ ಆಡಬೇಡಿ. ಪಾಠ ಶುರುವಾದ ವರ್ಷ, ಮಂಜೂರಾದ ವರ್ಷ, ಕಟ್ಟಡದ ವರ್ಷ, ಹಿರಿಯ ಶಾಲೆಯಾದ ವರ್ಷ ಅಂತ ನಾಲ್ಕು ಸಾಲು ಮಾಡಿ. ಗೊತ್ತಿದ್ದದ್ದನ್ನು ತುಂಬಿಸಿ, ಉಳಿದದ್ದನ್ನು ಖಾಲಿ ಬಿಡಿ. ಶಾಲೆಯಲ್ಲಿ ಉಳಿದಿರುವ ಅತಿ ಹಳೆಯ ರಿಜಿಸ್ಟರಿನ ಮೊದಲ ಹೆಸರಿನ ಮುಂದೆ ಎಷ್ಟು ನಂಬರ್ ಇದೆ ಅಂತ ನೋಡಿ. 1 ಅಂತಿದ್ದರೆ ನೀವು ಬುಡಕ್ಕೆ ಬಂದಿದ್ದೀರಿ. 412 ಅಂತಿದ್ದರೆ ಅದಕ್ಕೂ ಹಿಂದೆ ಇನ್ನೊಂದು ಪುಸ್ತಕ ಇತ್ತು ಅಂತ ಅರ್ಥ.

## ಹಳೆಯ ಕಾಲದ ಬಗ್ಗೆ

ಸರ್ಕಾರಿ ಶಾಲೆ ಬರೋ ಮುಂಚೆ ನಮ್ಮ ಕಡೆ ಮಕ್ಕಳು ಎಲ್ಲಿ ಓದ್ತಿದ್ರು?

ಕೂಲಿಮಠಗಳಲ್ಲಿ. ಊರಿನ ಐಗಳು ಜಗಲಿಯ ಮೇಲೆ ಕೂತು ಕಲಿಸುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ, ಲೆಕ್ಕ, ಕಾಗದ ಓದುವುದು, ಇಷ್ಟು. ಸಂಬಳದ ಬದಲು ಮನೆಗಳಿಂದ ದವಸ, ಹಬ್ಬಕ್ಕೆ ಏನಾದರೂ ಕಾಣಿಕೆ. ಯಾರ ಮಕ್ಕಳು ಕೂರಬಹುದು, ಯಾರ ಮಕ್ಕಳು ಕೂರಬಾರದು ಅನ್ನುವುದು ಜಾತಿಯ ಮೇಲೆ ನಿಂತಿತ್ತು.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಶುರುವಾದದ್ದು 1857ರಲ್ಲಿ. 1868ರಲ್ಲಿ ಆ ಇಲಾಖೆಯ ಅಧಿಕಾರಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು, ಕೈಲಾದರೆ ಇರುವ ಮೇಷ್ಟ್ರಿಗೇ ತರಬೇತಿ ಕೊಟ್ಟು ತೆಗೆದುಕೊಳ್ಳಬೇಕು ಅನ್ನುವುದು ಅದರ ಆಶಯ. ನಿಮ್ಮದು ಹೋಬಳಿ ಕೇಂದ್ರದ ಶಾಲೆಯಾಗಿದ್ದರೆ ಬೇರು ಅಲ್ಲಿಯವರೆಗೂ ಹೋಗಿರಬಹುದು, ಹುಡುಕಿ ನೋಡಿ.

ಇನ್ನೊಂದು ದೊಡ್ಡ ಹೆಜ್ಜೆ 1913ರ ಪ್ರಾಥಮಿಕ ಶಿಕ್ಷಣದ ಶಾಸನ. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ನಮ್ಮ ಕಡೆಯವರೇ. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಯದ್ದು. ಗೊತ್ತು ಮಾಡಿದ ಕಡೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಅನ್ನುವ ಮಾತು ಕಾನೂನಿಗೆ ಬಂದದ್ದು ಆಗ. 1930ರ ಕಾಯ್ದೆಯಲ್ಲಿ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ ಹೋದವು, 1941ರ ಕಾಯ್ದೆಯಲ್ಲಿ ವಾಪಸ್ ಸರ್ಕಾರದ ಕೈಗೆ ಬಂದವು. ಆ ಹತ್ತು ವರ್ಷಗಳ ಕಾಗದ ಶಿಕ್ಷಣ ಇಲಾಖೆಯಲ್ಲಿ ಸಿಗದಿದ್ದರೆ ಪುರಸಭೆ ಕಡತಗಳಲ್ಲಿ ಹುಡುಕಿ.

ನಮ್ಮ ತಾತನ ಹುಟ್ಟಿದ ದಿನ ಜೂನ್ 1. ಅವರ ಗೆಳೆಯರದೂ ಜೂನ್ 1. ಅದು ಹೇಗೆ?

ಬರೆದುಕೊಂಡದ್ದು ಮೇಷ್ಟ್ರು. ಆಗ ಹುಟ್ಟಿದ ದಿನ ಬರೆದಿಡುವ ಮನೆಗಳು ಕಡಿಮೆ. ಅಮ್ಮನನ್ನು ಕೇಳಿದರೆ "ರಾಗಿ ಕೊಯ್ಲಿನ ಟೈಮು", "ದೊಡ್ಡ ಮಳೆ ಬಂದ ವರ್ಷ" ಅನ್ನುತ್ತಿದ್ದರು. ಮೇಷ್ಟ್ರು ಮಗುವನ್ನು ಮುಂದೆ ನಿಲ್ಲಿಸಿಕೊಂಡು "ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು" ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸಿಗೆ ವಯಸ್ಸು ಆಯಿತು. ಶಾಲೆ ಸೇರುವುದು ಜೂನ್ ತಿಂಗಳು, ಅದಕ್ಕೆ ಲೆಕ್ಕ ಸರಿಯಾಗುವಂತೆ ಒಂದು ತಾರೀಖು ಹಾಕಿಬಿಡುತ್ತಿದ್ದರು. ಆ ತಾರೀಖಿನ ಮೇಲೆಯೇ ಆಮೇಲೆ ಕೆಲಸ, ನಿವೃತ್ತಿ, ಪಿಂಚಣಿ, ಎಲ್ಲ ನಡೆದವು.

ನಮ್ಮಮ್ಮ ಶಾಲೆಯಲ್ಲಿ ಉಪ್ಪಿಟ್ಟು ತಿಂದೆ ಅಂತಾರೆ. ಬಿಸಿಯೂಟ ಆಗಲೇ ಇತ್ತಾ?

ಅದು ಬೇರೆ, ಇದು ಬೇರೆ. ಅಮ್ಮ ಹೇಳುವುದು ಕೇರ್ ಸಂಸ್ಥೆ ಅಮೆರಿಕದಿಂದ ಕಳಿಸುತ್ತಿದ್ದ ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆಯ ಕಾಲ. ಆ ಉಪ್ಪಿಟ್ಟಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ ಅನ್ನುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಮನೆಯಿಂದ ತಂದ ಎಲೆಯಲ್ಲೋ ತಟ್ಟೆಯಲ್ಲೋ ಹಾಕಿಸಿಕೊಂಡು, ಅರ್ಧ ತಿಂದು, ಅರ್ಧ ಮನೆಯಲ್ಲಿದ್ದ ತಮ್ಮ ತಂಗಿಗೆ ಒಯ್ದವರೂ ಇದ್ದಾರೆ.

ಈಗಿನ ಬಿಸಿಯೂಟ ಅಕ್ಷರ ದಾಸೋಹದ್ದು. 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ 2002ರಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮ ಕಡೆಗೂ ಬಂತು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ. ಶಾಲೆಯ ಚರಿತ್ರೆ ಬರೆಯುವಾಗ ಅಡುಗೆಯವರನ್ನು ಬಿಡಬೇಡಿ. ಎಷ್ಟೋ ಶಾಲೆಗಳಲ್ಲಿ ಹೆಡ್‌ಮಾಸ್ಟರ್‌ಗಳು ಬಂದು ಹೋಗಿದ್ದಾರೆ, ಅಡುಗೆಯ ಅಕ್ಕ ಮಾತ್ರ ಅಲ್ಲೇ ಇದ್ದಾರೆ.

ಹೆಸರು ಬಾಲಕಿಯರ ಶಾಲೆ, ಒಳಗೆ ಗಂಡುಮಕ್ಕಳೂ ಇದ್ದಾರೆ. ಹೆಸರು ತಪ್ಪಾ?

ತಪ್ಪಲ್ಲ, ಹಳೆಯದು. ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಜೊತೆ ಕಳಿಸಲು ಮನೆಯವರು ಒಪ್ಪದ ಕಾಲದಲ್ಲಿ ಬೇರೆ ಶಾಲೆ ತೆರೆಯುತ್ತಿದ್ದರು. ಮುಂದೆ ಮಕ್ಕಳು ಕಡಿಮೆಯಾದಾಗ ಎಲ್ಲರನ್ನೂ ಸೇರಿಸಿಕೊಂಡರು. ಆ ಹೆಸರನ್ನು ಅಳಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆ ಪೇಟೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಬೇರೆ ಬಾಗಿಲೇ ಬೇಕಾಗಿತ್ತು ಅನ್ನುವುದಕ್ಕೆ ಕೆಲವು ಕಡೆ ಉಳಿದಿರುವ ಗುರುತು ಅದೊಂದೇ.

## ಶಾಲೆಯ ಗುರುತಿನ ಬಗ್ಗೆ

ಮನೆಯಲ್ಲಿ ತೆಲುಗು, ಪಕ್ಕದ ಬೀದಿಯಲ್ಲಿ ಉರ್ದು. ನಮ್ಮದು ಕನ್ನಡ ಶಾಲೆ ಅಂತ ಹೇಗೆ ಹೇಳೋದು?

ಧೈರ್ಯವಾಗಿ ಹೇಳಿ. ಕೋಲಾರದ ಕನ್ನಡ ಶಾಲೆ ಯಾವತ್ತೂ ಬರೀ ಕನ್ನಡದ ಮನೆಗಳ ಶಾಲೆಯಾಗಿರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಇರುವವರು ಬೇಕಾದಷ್ಟು. ಕೆಜಿಎಫ್‌ನಲ್ಲಿ ಗಣಿ ಕೆಲಸಕ್ಕೆ ಬಂದವರ ತಮಿಳು. ಕೋಲಾರ ಪಟ್ಟಣದಲ್ಲಿ ಉರ್ದು ಮಾತಾಡುವ ಮೊಹಲ್ಲಾಗಳು, ಅವರಿಗೆ ಸರ್ಕಾರಿ ಉರ್ದು ಶಾಲೆಗಳು. ಮಕ್ಕಳು ಅಮ್ಮನ ಹತ್ತಿರ ತೆಲುಗು, ಅಂಗಡಿಯಲ್ಲಿ ಉರ್ದು, ಮೇಷ್ಟ್ರ ಹತ್ತಿರ ಕನ್ನಡ ಆಡುತ್ತಾ ಬೆಳೆದರು. ಓದು ಬರಹ ಕಲಿತ ಭಾಷೆ ಕನ್ನಡವಾಯಿತು.

ರಿಜಿಸ್ಟರಿನಲ್ಲಿ ಮಾತೃಭಾಷೆಯ ಕಾಲಂ ಇದ್ದರೆ ಅದನ್ನು ವರ್ಷವಾರು ಎಣಿಸಿ ನೋಡಿ. ನಿಮ್ಮ ಪೇಟೆಯ ಬಗ್ಗೆ ನಿಮಗೇ ಗೊತ್ತಿಲ್ಲದ ವಿಷಯ ತಿಳಿಯುತ್ತದೆ.

ಇಂಗ್ಲಿಷ್ ಮೀಡಿಯಂ ಸೆಕ್ಷನ್ ಬಂದರೆ ಹಳೇ ಗುರುತು ಹೋಗಲ್ವಾ?

ಹೆದರಿಕೆ ಅರ್ಥವಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರಲ್ಲಿ ರಾಜ್ಯ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ನನ್ನ ಅಭಿಪ್ರಾಯ ಇಷ್ಟು. ಪೇಟೆಯ ಮಕ್ಕಳು ಆ ಗೇಟಿನೊಳಗೆ ಬರುವುದು ನಿಂತರೆ ಗುರುತು ಹೋಯಿತು. ಬರುತ್ತಿದ್ದರೆ ಉಳಿಯಿತು. ಕನ್ನಡ ಚೆನ್ನಾಗಿ ಕಲಿಸುವ ಮೇಷ್ಟ್ರು ಅಲ್ಲಿ ಇದ್ದಾರಾ ಅನ್ನುವುದನ್ನು ಮಾತ್ರ ಪೋಷಕರು ಕಣ್ಣಿಟ್ಟು ನೋಡಬೇಕು.

ಜಾತಿ ವಿಷಯ ಬರೀಬೇಕಾ? ಸುಮ್ನೆ ಯಾಕೆ ಕೆದಕೋದು ಅಂತಾರೆ ಹಿರಿಯರು.

ಬರೆಯಬೇಕು. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲೇ ಇದು ಜಾಸ್ತಿ. ಇಂಥ ಜಿಲ್ಲೆಯ ಶಾಲೆಯ ಚರಿತ್ರೆಯಲ್ಲಿ ಈ ಮಾತು ಬಿಟ್ಟುಹೋದರೆ ಅದು ಅರ್ಧ ಚರಿತ್ರೆ. ಸಂಸ್ಥಾನದ ಕಾಲದಲ್ಲಿ ಪಂಚಮರ ಶಾಲೆ ಅಂತ, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದವರ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. ಎಲ್ಲರಿಗೂ ಒಂದೇ ಶಾಲೆ ಅಂತ ಆದೇಶ ಬಂದ ಮೇಲೂ ಬೇರೆ ಕೂರಿಸುವುದು, ನೀರಿಗೆ ಬೇರೆ ಲೋಟ, ಹೊರಗಿನಿಂದ ಕೇಳಿಸಿಕೊಳ್ಳುವುದು ನಡೆದೇ ಇತ್ತು. ಅನುಭವಿಸಿದವರು ಇನ್ನೂ ಇದ್ದಾರೆ.

ಒಂದು ಹಳೆಯ ರಿಜಿಸ್ಟರಿನ ಪುಟ ನನ್ನ ಮನಸ್ಸಿನಲ್ಲಿ ಉಳಿದಿದೆ. ಉದ್ದಕ್ಕೆ ಗೆರೆ ಎಳೆದ ದಪ್ಪ ಕಾಗದ, ಅಂಚು ಕಂದು ಬಣ್ಣಕ್ಕೆ ತಿರುಗಿದೆ. ನೀಲಿ ಶಾಯಿಯ ದುಂಡನೆಯ ಅಕ್ಷರ. ತಂದೆಯ ಕಸುಬಿನ ಕಾಲಂನಲ್ಲಿ ವ್ಯವಸಾಯ, ವ್ಯಾಪಾರ, ಕೂಲಿ, ಕೂಲಿ, ಕೂಲಿ. ಕೊನೆಯ ಕಾಲಂ "ಶಾಲೆ ಬಿಟ್ಟ ಕಾರಣ". ವ್ಯಾಪಾರದವರ ಮಕ್ಕಳ ಮುಂದೆ "ತೇರ್ಗಡೆ". ಕೂಲಿಯವರ ಮಕ್ಕಳ ಮುಂದೆ "ದೀರ್ಘ ಗೈರುಹಾಜರಿ", "ಊರು ಬಿಟ್ಟರು", "ಮನೆ ಕೆಲಸ". ಕೆಳಗೆ ಬೇರೆ ಕೈಬರಹದಲ್ಲಿ ಆದಿ ಕರ್ನಾಟಕ (ಪರಿಶಿಷ್ಟ ಜಾತಿಗಳಲ್ಲಿ ಒಂದು) ಅಂತ ಬರೆದ ಒಂದು ಹುಡುಗಿಯ ಹೆಸರು, ಅದರ ಮುಂದೆಯೂ "ತೇರ್ಗಡೆ". ಆ ಮನೆಯವರು ಆ ಮಗುವನ್ನು ಹೇಗೆ ಓದಿಸಿರಬೇಕು ಅಂತ ಯೋಚಿಸಿ.

ಬರೆಯುವಾಗ ಒಂದು ಎಚ್ಚರ. ಬದುಕಿರುವವರ ಹೆಸರಿನ ಜೊತೆ ಅವರ ಒಪ್ಪಿಗೆ ಇಲ್ಲದೆ ಜಾತಿ ಹಾಕಬೇಡಿ. ಲೆಕ್ಕ ಬರೆಯಿರಿ, ಆಗ ನಡೆದದ್ದನ್ನು ಬರೆಯಿರಿ.

ಈಗ ಹೊರಗಿನವರ ಮಕ್ಕಳೇ ಜಾಸ್ತಿ. ಇನ್ನೂ ನಮ್ಮ ಶಾಲೆ ಅನ್ನಬಹುದಾ?

ಅವರದ್ದೂ ಅನ್ನಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬಂದವರು, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರು, ಟೊಮೆಟೊ ಮಂಡಿಯಲ್ಲಿ ದುಡಿಯುವವರು, ಇವರ ಮಕ್ಕಳು ಸೇರುವುದು ಸರ್ಕಾರಿ ಶಾಲೆಗೇ. ನಮ್ಮ ತಾತಂದಿರಲ್ಲೂ ಎಷ್ಟು ಮಂದಿ ಬೇರೆ ಊರಿಂದ ಬಂದು ಇಲ್ಲಿ ನೆಲೆ ನಿಂತವರು ಅನ್ನುವುದು ಅದೇ ರಿಜಿಸ್ಟರಿನ ಹಳೆಯ ಪುಟಗಳಲ್ಲಿದೆ. ಹಳೆಯ ವಿದ್ಯಾರ್ಥಿಗಳ ಸಭೆಗೆ ಈಗಿನ ಮಕ್ಕಳ ತಂದೆ ತಾಯಿಯನ್ನು ಕರೆಯಿರಿ. ಎಸ್‌ಡಿಎಂಸಿಯಲ್ಲಿ ಕೂರುವ ಹಕ್ಕು ಅವರದು, ನಮ್ಮದಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು.

ಒಬ್ಬರು ಕೊಠಡಿ ಕಟ್ಟಿಸಿಕೊಟ್ಟು ಶಾಲೆಗೆ ಅಪ್ಪನ ಹೆಸರು ಇಡಿ ಅಂತಿದ್ದಾರೆ.

ಕೊಠಡಿಗೆ ಹೆಸರು ಹಾಕಿಸಿ, ಕೃತಜ್ಞತೆ ಹೇಳಿ. ಇಡೀ ಶಾಲೆಯ ಹೆಸರು ಬದಲಾಯಿಸಲು ಇಲಾಖೆಯ ಅನುಮತಿ ಬೇಕು. ಪೇಟೆಯ ಹೆಸರಿನಲ್ಲಿರುವ ಶಾಲೆ ಪೇಟೆಯ ಹೆಸರಿನಲ್ಲೇ ಇರಲಿ ಅನ್ನುವುದು ನನ್ನ ಆಸೆ.

## ದಾಖಲೆ ಹುಡುಕುವವರಿಗೆ

ಹಳೇ ರಿಜಿಸ್ಟರ್ ನೋಡೋಕೆ ಹೆಡ್‌ಮಾಸ್ಟರ್ ಬಿಡ್ತಾರಾ?

ಮೊದಲ ಸಲವೇ ಕೊಡದಿದ್ದರೆ ಬೇಜಾರು ಬೇಡ. ಜನರ ಜಾತಿ ಪ್ರಮಾಣಪತ್ರ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲ ಆ ಪುಸ್ತಕದ ಮೇಲೆ ನಿಂತಿದೆ. ಒಂದು ಪುಟ ಹರಿದರೆ ಉತ್ತರ ಕೊಡಬೇಕಾದವರು ಅವರು. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಕೊಟ್ಟು ಹೋಗಿ. ಜೂನ್ ತಿಂಗಳಲ್ಲಿ ಹೋಗಬೇಡಿ, ದಾಖಲಾತಿ ಗದ್ದಲ. ಮಾರ್ಚ್‌ನಲ್ಲಿ ಪರೀಕ್ಷೆ. ದಸರಾ ರಜ ಮುಗಿದ ಮೇಲೆ ಅವರಿಗೂ ಸ್ವಲ್ಪ ಬಿಡುವಿರುತ್ತದೆ. ಮೇಷ್ಟ್ರ ಎದುರಿಗೇ ಕೂತು ನೋಡಿ, ಪುಸ್ತಕ ಮನೆಗೆ ಕೇಳಬೇಡಿ.

ಶಾಲೆ ಮಂಜೂರಾದ ಆದೇಶದಂಥ ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಆದರೆ ಮಕ್ಕಳ ಸ್ವಂತ ವಿವರಗಳು ಹಾಗೆ ಸಿಗುವುದಿಲ್ಲ, ಸಿಗಲೂಬಾರದು. ರಿಜಿಸ್ಟರಿನ ಪುಟದ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಪುಸ್ತಕ ಮುಟ್ಟಿದರೆ ಪುಡಿಯಾಗ್ತಿದೆ. ಲ್ಯಾಮಿನೇಷನ್ ಮಾಡಿಸೋಣ ಅಂತಿದ್ದೀವಿ.

ದಯವಿಟ್ಟು ಮಾಡಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿಕೊಂಡರೆ ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪ್ ಸಹ ಬೇಡ. ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ.

ಮೊದಲು ಫೋಟೋ ತೆಗೆಯಿರಿ. ಕಿಟಕಿ ಪಕ್ಕ ಮೇಜು ಹಾಕಿ, ಫ್ಲ್ಯಾಷ್ ಆಫ್ ಮಾಡಿ, ಫೋನನ್ನು ಪುಟದ ನೇರಕ್ಕೆ ಮೇಲಿಂದ ಹಿಡಿಯಿರಿ. ಖಾಲಿ ಪುಟವನ್ನೂ ಬಿಡಬೇಡಿ, ಕ್ರಮ ತಪ್ಪುತ್ತದೆ. ಆಮೇಲೆ ಪುಸ್ತಕವನ್ನು ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕಬ್ಬಿಣದ ಬೀರುವಿನಲ್ಲಿ, ನೆಲ ಮತ್ತು ಗೋಡೆಗೆ ತಾಗದಂತೆ ಮಲಗಿಸಿ ಇಡಿ. ನಮ್ಮ ಕಡೆ ಹಳೆಯ ಶಾಲೆಗಳಿಗೆ ಚಪ್ಪಡಿ ಕಲ್ಲಿನ ಮಾಳಿಗೆ ಇರುತ್ತದೆ. ಮಳೆಗಾಲದಲ್ಲಿ ಸಂದಿನಿಂದ ಎಲ್ಲಿ ನೀರು ಜಿನುಗುತ್ತದೆ ಅಂತ ನೋಡಿಕೊಂಡೇ ಬೀರು ಇಡಿ. ಗೆದ್ದಲು ಬರುವ ಮೂಲೆಯಾದರೆ ಬೇರೆ ಕೋಣೆ ನೋಡಿ.

ಶಾಲೆ ಬಿಟ್ಟರೆ ಇನ್ನೆಲ್ಲಿ ಸಿಗುತ್ತೆ?

ಬಿಇಒ ಮತ್ತು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಯ ಹಳೆಯ ಕಡತಗಳು. ನಗರಸಭೆಯ ಹಳೆಯ ನಡಾವಳಿಗಳು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ, ಸಂಸ್ಥಾನದ ಕಾಲದ ಶಿಕ್ಷಣ ಇಲಾಖೆಯ ವರದಿಗಳಿಗೆ ಅಲ್ಲಿ ಕೇಳಿ. 1968ರಲ್ಲಿ ಬಂದ ಕೋಲಾರ ಜಿಲ್ಲಾ ಗ್ಯಾಸೆಟಿಯರ್‌ನ ಶಿಕ್ಷಣದ ಅಧ್ಯಾಯವನ್ನೂ ಓದಿ.

ಯಾರೂ ನೋಡದ ಒಂದು ಮೂಲ ಹಳೆಯ ಮತದಾರರ ಪಟ್ಟಿ. ಮತಗಟ್ಟೆ ಅಂದರೆ ಜಾಸ್ತಿ ನಮ್ಮ ಶಾಲೆಗಳೇ ಅಲ್ವಾ. ಪ್ರತಿ ಚುನಾವಣೆಯ ಪಟ್ಟಿಯಲ್ಲೂ ಆ ಕಾಲದಲ್ಲಿ ಶಾಲೆಗಿದ್ದ ಹೆಸರು, ಕೊಠಡಿ ಸಮೇತ, ಅಚ್ಚಾಗಿರುತ್ತದೆ. ಹೆಸರು ಯಾವಾಗ ಬದಲಾಯಿತು ಅಂತ ಅಂದಾಜು ಮಾಡಲು ಇದು ಒಳ್ಳೆಯ ದಾರಿ.

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಕಡೆಯವರಿಗೆ ಒಂದು ಮಾತು. ನಿಮ್ಮ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಾಗದ ಕೋಲಾರ ಜಿಲ್ಲೆಯ ಹೆಸರಿನಲ್ಲಿ ಹುಡುಕಿ. ಮಧುಗಿರಿ, ಪಾವಗಡ, ಸಿರಾ ಕಡೆಯವರಿಗೆ ಇನ್ನೊಂದು. ಕಂದಾಯಕ್ಕೆ ನೀವು ತುಮಕೂರು ಜಿಲ್ಲೆ, ಶಿಕ್ಷಣ ಇಲಾಖೆಗೆ ಮಧುಗಿರಿಯೇ ಒಂದು ಜಿಲ್ಲೆ. ಅರ್ಜಿಯನ್ನು ತುಮಕೂರಿಗೆ ಕೊಟ್ಟು ಕಾಯುತ್ತಾ ಕೂರಬೇಡಿ.

ಹಿರಿಯರನ್ನ ಮಾತಾಡಿಸಿದ್ರೆ ವರ್ಷ ನೆನಪಿಲ್ಲ ಅಂತಾರೆ. ಹೇಗೆ ಕೇಳೋದು?

ವರ್ಷ ಕೇಳಬೇಡಿ. "ನಿಮ್ಮ ಮೇಷ್ಟ್ರು ಯಾರು, ಎಲ್ಲಿ ಕೂರ್ತಿದ್ರಿ, ನೀರು ಎಲ್ಲಿಂದ ಬರ್ತಿತ್ತು, ಗಂಟೆ ಯಾರು ಹೊಡೀತಿದ್ರು, ಬೆತ್ತ ಎಲ್ಲಿಡ್ತಿದ್ರು" ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ವರ್ಷವನ್ನು ಆಮೇಲೆ ನೀವೇ ಕಟ್ಟಿಕೊಳ್ಳಬಹುದು. "ನಾಲ್ಕನೇ ಕ್ಲಾಸಲ್ಲಿದ್ದೆ, ಗಾಂಧಿ ಹೋದ್ರು ಅಂತ ರಜ ಬಿಟ್ರು" ಅಂದರೆ ಅದು 1948ರ ಜನವರಿ ಕೊನೆ. ಚೀನಾ ಯುದ್ಧ ಅಂದರೆ 1962. "ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ" ಅಂದರೆ 1973ರ ನವೆಂಬರ್. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆದವರನ್ನು ಸೆಂಟರ್ ಎಲ್ಲಿ ಬಿತ್ತು ಅಂತ ಕೇಳಿ, ನಡೆದುಕೊಂಡು ಹೋದ ದಾರಿಯ ಸಮೇತ ಹೇಳುತ್ತಾರೆ.

ಶಾಲೆ ಅರ್ಧಕ್ಕೆ ಬಿಟ್ಟವರನ್ನೂ ಮಾತಾಡಿಸಿ. ಹಳೆಯ ವಿದ್ಯಾರ್ಥಿಗಳ ಸಂಘ ಅಂದರೆ ಓದಿ ಮುಂದೆ ಬಂದವರ ಸಂಘ ಆಗಿಬಿಡುತ್ತದೆ. ಎರಡನೇ ಕ್ಲಾಸಿಗೆ ಬಿಟ್ಟು ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಕೆಲಸಕ್ಕೆ ಹೋದ ಅಜ್ಜಿಗೂ ಅದೇ ಶಾಲೆ.

ಶಾಲೆ ಮೈದಾನ ತಮ್ಮದು ಅಂತ ಒಬ್ಬರು ತಕರಾರು ತೆಗೆದಿದ್ದಾರೆ. ಹಳೇ ಕಾಗದ ಸಹಾಯಕ್ಕೆ ಬರುತ್ತಾ?

ಬರುತ್ತದೆ. ಹಿಂದೆ ಬಾಯಿ ಮಾತಿನಲ್ಲಿ ಜಾಗ ಕೊಟ್ಟವರೇ ಜಾಸ್ತಿ, ನೋಂದಾಯಿಸಿದ ದಾನಪತ್ರ ಅಪರೂಪ. ಸರ್ವೆ ನಕ್ಷೆ, ಪಹಣಿ ಅಥವಾ ನಗರಸಭೆ ಖಾತೆ ತೆಗೆಸಿ. ಅದರ ಜೊತೆ ಶಾಲೆಯ ತನಿಖಾ ಪುಸ್ತಕ ನೋಡಿ. ಹಿಂದಿನ ಇನ್‌ಸ್ಪೆಕ್ಟರ್‌ಗಳು ಭೇಟಿಗೆ ಬಂದಾಗ "ಮೈದಾನಕ್ಕೆ ಬೇಲಿ ಹಾಕಿಸಿ", "ಬಾವಿಗೆ ಕಟ್ಟೆ ಕಟ್ಟಿಸಿ" ಅಂತ ಷರಾ ಬರೆದು ಸಹಿ ಹಾಕಿರುತ್ತಾರೆ. ಅಷ್ಟು ವರ್ಷದ ಹಿಂದೆಯೇ ಜಾಗ ಶಾಲೆಯ ವಶದಲ್ಲಿತ್ತು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಪುರಾವೆ ಕಷ್ಟ. ಮುಂದಿನದನ್ನು ವಕೀಲರ ಸಲಹೆ ಕೇಳಿ, ಬಿಇಒ ಮೂಲಕವೇ ಮಾಡಿ.

ಮಕ್ಕಳು ಕಡಿಮೆ ಅಂತ ನಮ್ಮ ಶಾಲೆಯನ್ನ ಇನ್ನೊಂದರ ಜೊತೆ ವಿಲೀನ ಮಾಡ್ತಾರಂತೆ. ನಾವೇನು ಮಾಡಬಹುದು?

ಶಾಲೆ ಉಳಿಸಲು ದಾರಿ ಇದ್ದರೆ ಮೊದಲು ಅದನ್ನೇ ಮಾಡಿ. ಶಿಕ್ಷಣ ಹಕ್ಕು ನಿಯಮದಲ್ಲಿ 5ನೇ ತರಗತಿವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. 6ರಿಂದ 8ಕ್ಕೆ ಮೂರು ಕಿಲೋಮೀಟರ್. ಹೊಸ ಶಾಲೆಗೆ ಮಕ್ಕಳು ನಡೆಯುವ ದಾರಿಯನ್ನು ನೀವೇ ನಡೆದು ಅಳೆಯಿರಿ. ಹೈವೇ ದಾಟಬೇಕಾ, ರೈಲ್ವೆ ಗೇಟ್ ಇದೆಯಾ ಅಂತ ಬರೆದು ಅರ್ಜಿಗೆ ಸೇರಿಸಿ. ಮನೆ ಮನೆಗೆ ಹೋಗಿ ದಾಖಲಾತಿ ಮಾಡಿಸಿ.

ಆದರೂ ವಿಲೀನ ಆಗಿಯೇ ಬಿಟ್ಟರೆ, ಬೀಗ ಹಾಕುವ ಮುಂಚೆ ಒಂದು ಕೆಲಸ. ದಾಖಲಾತಿ ರಿಜಿಸ್ಟರ್, ಹಾಜರಿ, ಟಿ.ಸಿ. ಪುಸ್ತಕ, ತನಿಖಾ ಪುಸ್ತಕ, ಎಸ್‌ಡಿಎಂಸಿ ನಡಾವಳಿ, ಯಾವ ಯಾವ ಸಂಪುಟ ಯಾವ ಶಾಲೆಗೆ ಹೋಯಿತು ಅಂತ ಪಟ್ಟಿ ಮಾಡಿ, ಎರಡೂ ಕಡೆಯ ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಒಂದು ಪ್ರತಿ ಬಿಇಒ ಕಚೇರಿಗೆ ಕೊಡಿ. ಇದನ್ನು ಮಾಡದ ಕಡೆ ಪುಸ್ತಕಗಳು ಗೋಣಿಚೀಲದಲ್ಲಿ ಕೂತು, ಒಂದು ದಿನ ಹಳೇ ಪೇಪರ್ ಜೊತೆ ಹೊರಟುಹೋಗಿವೆ. ಹತ್ತು ವರ್ಷದ ಮೇಲೆ ಟಿ.ಸಿ.ಗೆ ಬಂದ ಹೆಣ್ಣುಮಗಳಿಗೆ ಆಗ ಯಾರೂ ಉತ್ತರ ಕೊಡಲು ಆಗುವುದಿಲ್ಲ.

ನೂರು ವರ್ಷ ತುಂಬ್ತಿದೆ, ಸ್ಮರಣ ಸಂಚಿಕೆ ಮಾಡ್ತಿದ್ದೀವಿ. ಏನೇನು ಇರಬೇಕು?

ಮಂತ್ರಿಗಳ, ಶಾಸಕರ ಸಂದೇಶಗಳಿಗೆ ಒಂದೆರಡು ಪುಟ ಸಾಕು. ಉಳಿದದ್ದನ್ನು ಶಾಲೆಗೆ ಕೊಡಿ. ಇಲ್ಲಿ ಕೆಲಸ ಮಾಡಿದ ಎಲ್ಲ ಮೇಷ್ಟ್ರು, ಮೇಡಂಗಳ ಪಟ್ಟಿ ವರ್ಷ ಸಮೇತ ಇರಲಿ. ಶಿಕ್ಷಕರ ಹಾಜರಿ ಪುಸ್ತಕದಿಂದ ಅದನ್ನು ತೆಗೆಯಬಹುದು. ಆಯಾ, ಜವಾನ, ಅಡುಗೆಯವರ ಹೆಸರುಗಳೂ ಇರಲಿ. ಹತ್ತು ವರ್ಷಕ್ಕೊಮ್ಮೆ ಎಷ್ಟು ಗಂಡುಮಕ್ಕಳು, ಎಷ್ಟು ಹೆಣ್ಣುಮಕ್ಕಳು ಸೇರಿದರು, ತಂದೆಯರ ಕಸುಬು ಹೇಗೆ ಬದಲಾಯಿತು ಅಂತ ಒಂದು ಲೆಕ್ಕ ಹಾಕಿ. ಗ್ರೂಪ್ ಫೋಟೋ ಹಾಕಿದರೆ ಎಡದಿಂದ ಬಲಕ್ಕೆ ಹೆಸರು ಬರೆಯಿರಿ, ಗುರುತು ಸಿಗದವರ ಜಾಗ ಖಾಲಿ ಬಿಟ್ಟು "ಗೊತ್ತಿದ್ದವರು ತಿಳಿಸಿ" ಅಂತ ಹಾಕಿ. ಸಂಚಿಕೆ ಬಂದ ತಿಂಗಳೊಳಗೆ ಅರ್ಧ ಹೆಸರು ಬಂದೇ ಬರುತ್ತವೆ.

ಯಾವ ಮಾತು ಕಾಗದ ನೋಡಿ ಬರೆದದ್ದು, ಯಾವುದು ಹಿರಿಯರು ಹೇಳಿದ್ದು ಅನ್ನುವುದನ್ನು ಅಲ್ಲಲ್ಲೇ ತಿಳಿಸಿ. ಅಚ್ಚಾದ ಮೇಲೆ ಪ್ರತಿಗಳನ್ನು ಶಾಲೆಗೆ, ಬಿಇಒ ಕಚೇರಿಗೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ರಾಜ್ಯ ಪತ್ರಾಗಾರಕ್ಕೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ರಿಜಿಸ್ಟರಿನ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಮುಖ್ಯ ಶಿಕ್ಷಕರ ವಶಕ್ಕೆ ಕೊಡಿ. ಹಾಗೆ ಕೊಟ್ಟದ್ದನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿ. ಮೇಷ್ಟ್ರು ವರ್ಗವಾಗಿ ಹೋದರೂ ಡಿಸ್ಕ್ ಯಾರ ಹತ್ತಿರ ಇದೆ ಅಂತ ಮುಂದಿನವರಿಗೆ ತಿಳಿಯುತ್ತದೆ.